ಗದಿಗೆವ್ವನ ಮನೆಯ ಮುಂದೆ ಮೈಕು

ಬೆಟಗೇರಿಗೆ ಬಂದು ಇಸಾಕನ ಮನೆ ಎಲ್ಲಿ ಎಂದು ಕೇಳಿದರೆ, ಯಾವ ಇಸಾಕ ಎಂದು ನಿಮ್ಮನ್ನೇ ತಿರುಗಿ ಕೇಳುತ್ತಾರೆ. ಮೈಕಿನ ಇಸಾಕಣ್ಣ ಅನ್ನಿ, ಮಗ್ಗದ ಮೇಲೆ ಕೂತವರೂ ಎದ್ದು ಬಂದು ಓಣಿ ತೋರಿಸುತ್ತಾರೆ. ಆಟೋದ ನೆತ್ತಿಗೆ ಧ್ವನಿವರ್ಧಕದ ಎರಡು ಭೋಂಗಾ ಕಟ್ಟಿಕೊಂಡು ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಸುತ್ತುವುದು, ಸೀರೆ ಅಂಗಡಿಯ ರಿಯಾಯಿತಿಯಿಂದ ಹಿಡಿದು ತಪ್ಪಿಸಿಕೊಂಡ ಎಮ್ಮೆಯ ತನಕ ಏನಿದ್ದರೂ ಊರಿಗೆ ಕೂಗಿ ಹೇಳುವುದು, ಇದು ಅವನ ಉದ್ಯೋಗ. ಧ್ವನಿ ದೇವರು ಕೊಟ್ಟದ್ದು. ಅದನ್ನು ಎಲ್ಲಿ ನಿಲ್ಲಿಸಬೇಕು ಎನ್ನುವುದನ್ನು ಮಾತ್ರ ಅವನೇ ಕಲಿತಿದ್ದ.

ಶಾಲೆ ಬಂದರೆ ಇಸಾಕನ ಮೈಕು ಸಣ್ಣಗಾಗುತ್ತದೆ. ಬಾಂಗಿನ ಹೊತ್ತಿಗೆ, ಭಜನೆ ನಡೆದ ಕಡೆ, ದವಾಖಾನೆಯ ಮುಂದೆ ಸುಮ್ಮನಾಗುತ್ತದೆ. ಸಾವಾದ ಮನೆಯಿದ್ದರಂತೂ ಪೂರ್ತಿ ಬಂದ್. ಆ ಮನೆಗಿಂತ ಒಂದು ಮನೆ ಮೊದಲೇ ಮೈಕು ಬಾಯಿ ಮುಚ್ಚಬೇಕು, ಒಂದು ಮನೆ ದಾಟಿದ ಮೇಲೆಯೇ ತೆರೆಯಬೇಕು, ಮತ್ತು ಇದು ಮಣ್ಣಾದ ದಿನಕ್ಕೆ ಮುಗಿಯುವುದಿಲ್ಲ, ಆ ಮನೆಯವರು ಮತ್ತೆ ಕೆಲಸಕ್ಕೆ ಹೊರಬೀಳುವ ತನಕ ನಡೆಯಬೇಕು. ಸತ್ತವರ ಮನಿ ಮುಂದ ಸಂತಿ ಕೂಗಬಾರದು ಎನ್ನುವುದು ಅವನ ಮಾತು. ಯಾವ ಓಣಿಯಲ್ಲಿ ಯಾರು ತೀರಿಕೊಂಡರು ಎಂಬ ಖಬರು ಅವನಿಗಿಂತ ಮೊದಲು ಯಾರಿಗೂ ತಿಳಿಯುತ್ತಿರಲಿಲ್ಲ, ಬಹಳ ಸಲ ಅದನ್ನು ಊರಿಗೆ ಹೇಳಿದವನೇ ಅವನಾಗಿರುತ್ತಿದ್ದ.

ಅವನ ಹೆಂಡತಿ ರೋಶನಬಿ ಬಾಗಿಲ ಕಟ್ಟೆಯ ಮೇಲೆ ಕೂತು ಕೌದಿ ಹೊಲಿಯುತ್ತಾಳೆ. ಹಳೆಯ ಸೀರೆ, ಹರಿದ ಲುಂಗಿ, ಯಾರದೋ ಮದುವೆಯ ಜಂಪರಿನ ತುಂಡು, ಎಲ್ಲ ಸೇರಿ ಅವಳ ಕೈಯಲ್ಲಿ ಒಂದು ಹೊದಿಕೆಯಾಗುತ್ತವೆ. ಸಂಜೆ ದೂರದಲ್ಲಿ ಮೈಕಿನ ಸದ್ದು ಕೇಳಿತೆಂದರೆ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಎದ್ದು ಹೋಗಿ ಒಲೆಯ ಮೇಲೆ ಹಂಚು ಇಡುವಳು. ಆಟೋ ಓಣಿಗೆ ತಿರುಗುವ ಹೊತ್ತಿಗೆ ಮೊದಲ ರೊಟ್ಟಿ ಉಬ್ಬಿರುತ್ತಿತ್ತು. ಇಬ್ಬರ ಸಂಸಾರ ಹೀಗೆ ಬಹಳ ಕಾಲ ಸದ್ದಿನ ಮೇಲೆಯೇ ನಡೆದಿತ್ತು.

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ಹಿರಿಯರು ಹೇಳಿಟ್ಟಿದ್ದಾರೆ. ಇಸಾಕನಿಗೆ ಎರಡೂ ಗೊತ್ತಿದ್ದವು. ಜಗಳ ಅವನ ಹತ್ತಿರ ಸುಳಿಯಲಿಲ್ಲ, ರೋಗ ಮಾತ್ರ ಹಿರಿಯರ ಮಾತು ಕೇಳಲಿಲ್ಲ. ಮಗಳು ಸಾಯಿಮಾ ಇನ್ನೂ ಶಾಲೆಗೆ ಹೋಗುತ್ತಿದ್ದ ಕಾಲ. ಒಂದು ಬೇಸಿಗೆಯಲ್ಲಿ ಅವನಿಗೆ ನಿದ್ದೆ ಕಡಿಮೆಯಾಯಿತು, ಮಾತು ಹೆಚ್ಚಾಯಿತು. ಸೀರೆಯ ಜಾಹೀರಾತನ್ನು ಪದ ಕಟ್ಟಿ ಹಾಡುತ್ತಿದ್ದ, ಅಂಗಡಿಯವರಿಗೆ ಬಲು ಖುಷಿ. ಇಸಾಕಣ್ಣನಿಗೆ ಉಮೇದಿ ಬಂದಿದೆ ಎಂದರು ಜನ. ರೋಶನಬಿಗೂ ಮೊದಮೊದಲು ಅದು ಚೆಂದವೇ ಕಂಡಿತ್ತು, ಸುಳ್ಳು ಯಾಕೆ ಹೇಳಬೇಕು. ಬಳೆ ತಂದ, ಅತ್ತರು ತಂದ, ಮದುವೆಯಾದ ಹೊಸತರಲ್ಲೂ ಆಡದ ಮಾತು ಆಡಿದ. ಎರಡಿದ್ದ ಭೋಂಗಾ ನಾಲ್ಕಾದಾಗ ಅವಳಿಗೆ ಮೊದಲ ಸಲ ಅನುಮಾನ ಬಂತು. ಆಗಲೂ ಉಮೇದಿಗೆ ಔಷಧ ಉಂಟೆಂದು ಯಾರಿಗೆ ಗೊತ್ತಿತ್ತು.

ಓಣಿಯ ತಿರುವಿನಲ್ಲಿ ನೇಕಾರ ದೇವಪ್ಪನ ಮನೆ. ಅವನ ತಾಯಿ ಕರೆವ್ವ, ಓಣಿಗೆಲ್ಲ ಅಜ್ಜಿಯಿದ್ದಂತೆ, ತಾಯಿಯಿಲ್ಲದೆ ಬೆಳೆದ ಇಸಾಕನಿಗೆ ಸಣ್ಣವನಿದ್ದಾಗಿಂದ ರೊಟ್ಟಿ ಕೊಟ್ಟವಳು. ಆ ಬೇಸಿಗೆಯಲ್ಲೇ ಆ ಮುದುಕಿ ತೀರಿಕೊಂಡಳು. ಹೆಣ ಅಂಗಳದಲ್ಲಿತ್ತು, ಹೆಂಗಸರು ಸುತ್ತ ಕೂತು ಅಳುತ್ತಿದ್ದರು. ಆಗ ನಾಲ್ಕೂ ಭೋಂಗಾ ಗಟ್ಟಿಯಾಗಿ ಕೂಗಿಸುತ್ತ ಇಸಾಕನ ಆಟೋ ಓಣಿಗೆ ತಿರುಗಿತು.

"ಇವತ್ತ ಸಂಜಿಕ ನಮ್ಮ ಮನ್ಯಾಗ ಊಟ ಐತಿ. ಊರಾಗ ಯಾರೂ ಒಲಿ ಹಚ್ಚಬ್ಯಾಡ್ರಿ. ಎಲ್ಲಾರೂ ಬರ್ರಿ."

ಹೆಣದ ಮುಂದೆ ಮೈಕು ನಿಲ್ಲಲಿಲ್ಲ, ಸಣ್ಣಗೂ ಆಗಲಿಲ್ಲ. ಇಸಾಕ ನಗುತ್ತ ಕೈ ಬೀಸುತ್ತ ಹಾದುಹೋದ. ಅಂಗಳದಲ್ಲಿ ಕೂತಿದ್ದ ರೋಶನಬಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಗಂಡ ಸತ್ತಿದ್ದರೆ ಈ ನಾಚಿಕೆಯಾದರೂ ತಪ್ಪುತ್ತಿತ್ತೆಂದು ಆ ಗಳಿಗೆಯಲ್ಲಿ ಅನಿಸಿದ್ದನ್ನು ಅವಳು ಈಗಲೂ ಯಾರಿಗೂ ಹೇಳಿಲ್ಲ.

ಕರೆಯನ್ನು ಅವನು ಬೆಟಗೇರಿಯಲ್ಲಷ್ಟೇ ಕೊಟ್ಟಿರಲಿಲ್ಲ, ಹೊಂಬಳಕ್ಕೂ ಅಂತೂರ ಬೆಂತೂರಕ್ಕೂ ಹೋಗಿ ಬಂದಿದ್ದ. ಸಂಜೆಯಾಗುತ್ತಲೇ ಟ್ರ್ಯಾಕ್ಟರಿನಲ್ಲಿ ಜನ ಬಂದಿಳಿದರು, ಮಕ್ಕಳುಮರಿ ಸಮೇತ. ರೋಶನಬಿಯ ಮನೆಯಲ್ಲಿದ್ದದ್ದು ಒಂದು ಡಬ್ಬಿ ಜೋಳದ ಹಿಟ್ಟು. ಕರೆವ್ವನನ್ನು ಮಣ್ಣು ಮಾಡಿ ಬಂದು ಸ್ನಾನ ಮುಗಿಸಿದ್ದ ದೇವಪ್ಪ ಬಾಗಿಲಲ್ಲಿ ನಿಂತು ಆ ಗದ್ದಲ ನೋಡಿದ. ಬೈಯಬಹುದಿತ್ತು, ಬೈದರೆ ತಪ್ಪೆನ್ನುವವರೂ ಇರಲಿಲ್ಲ.

"ಅವ್ವ ಹೋದ ದಿನ ನಮ್ಮ ಓಣಿಯಿಂದ ಯಾರೂ ಹಸಕೊಂಡು ಹೋಗಬಾರದು" ಎಂದ ಅಷ್ಟೇ.

ಅವನ ಹೆಂಡತಿ ಗದಿಗೆವ್ವ ಬಾಗಿಲಲ್ಲಿ ನಿಂತು ಓಣಿಯ ಹೆಂಗಸರಿಗೆಲ್ಲ ಹೇಳಿ ಕಳಿಸಿದಳು. ಮನೆಗೊಂದು ಬುಟ್ಟಿ ರೊಟ್ಟಿ, ಮನೆಗೊಂದು ಬೋಗುಣಿ ಝುಣಕ ಬಂತು. ಬಂದವರು ಉಂಡು, ಇಸಾಕಣ್ಣನಿಗೆ ಒಳ್ಳೆಯದಾಗಲಿ ಎಂದು ಹರಸಿ ಹೋದರು. ಮರುದಿನ ದೇವಪ್ಪನೇ ಇಸಾಕನ ತೋಳು ಹಿಡಿದು ಗದಗಿನ ದವಾಖಾನೆಗೆ ಕರೆದೊಯ್ದ. ಯಲ್ಲಮ್ಮನ ಕಾಟ ಎಂದವರೂ, ದರ್ಗಾಕ್ಕೆ ಒಯ್ಯಿರಿ ಎಂದವರೂ ಇದ್ದರು. ಮೊದಲು ದವಾಖಾನೆ, ಆಮೇಲೆ ಬೇಕಾದರೆ ಎರಡೂ ಕಡೆ ಹೋಗೋಣ ಎಂದು ದೇವಪ್ಪ ಎಲ್ಲರ ಬಾಯಿ ಮುಚ್ಚಿಸಿದ. ಬೈಪೋಲಾರ್ ಎಂಬ ಹೆಸರು ಆ ಓಣಿಗೆ ಬಂದದ್ದು ಹಾಗೆ. ಮನಸ್ಸು ಒಮ್ಮೆ ವಿಪರೀತ ಏರುತ್ತದೆ, ಒಮ್ಮೆ ವಿಪರೀತ ಇಳಿಯುತ್ತದೆ, ಗುಳಿಗೆ ಬಿಡದೆ ನುಂಗಿದರೆ, ಆಗಾಗ ರಕ್ತ ತಪಾಸಣೆ ಮಾಡಿಸಿದರೆ ಎಲ್ಲರಂತೆ ಬದುಕಬಹುದು ಎಂದು ಡಾಕ್ಟರು ತಿಳಿಸಿ ಹೇಳಿದರು.

ಏರಿದ್ದು ಇಳಿದ ಮೇಲಿನ ದಿನಗಳೇ ಕಠಿಣ. ಇಸಾಕ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟ. ಊರೆಲ್ಲ ಕೇಳಿದ ಧ್ವನಿ ಮನೆಯಲ್ಲಿ ನೀರು ಬೇಕೆನ್ನುವುದಕ್ಕೂ ಏಳಲಿಲ್ಲ. ಕಳೆದ ದುಡ್ಡಿನ ಮಾತು ಅವನ ಬಾಯಿಗೆ ಬರಲಿಲ್ಲ, ನಕ್ಕ ಜನರ ಮಾತೂ ಬರಲಿಲ್ಲ. ತಿಂಗಳುಗಳ ಮೇಲೆ ಅವನು ಆಡಿದ ಮೊದಲ ಪೂರಾ ಮಾತು ಒಂದೇ.

"ಕರೆವ್ವನ ಮುಂದ ಮೈಕ ಬಂದ್ ಮಾಡಲಿಲ್ಲ ನಾ."

ಅದನ್ನು ಕೇಳಿ ರೋಶನಬಿ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅತ್ತಳು. ತನ್ನ ಗಂಡ ತಿರುಗಿ ಬಂದನೆಂದು ಅವಳಿಗೆ ಖಾತ್ರಿಯಾದದ್ದು ಆ ಮಾತಿನಿಂದಲೇ.

ಗುಳಿಗೆ ಹಿಡಿಯಿತು. ಭೋಂಗಾ ಮತ್ತೆ ಎರಡಾದವು, ಆಟೋ ಮತ್ತೆ ತಿರುಗಿತು. ಕೆಲವು ವರ್ಷ ಕಳೆದ ಮೇಲೆ ಆರೋಗ್ಯ ಇಲಾಖೆಯವರು ಮಾನಸಿಕ ಆರೋಗ್ಯ ಶಿಬಿರದ ಪ್ರಚಾರಕ್ಕೆ ಅವನನ್ನೇ ಕರೆದರು. ನಿದ್ದೆ ಇಲ್ಲದಿದ್ದರೆ, ಮಾತು ಅತಿಯಾದರೆ, ದುಡ್ಡು ನೀರಿನಂತೆ ಹರಿದರೆ ಅಥವಾ ವಾರಗಟ್ಟಲೆ ಏಳಲು ಮನಸ್ಸಿಲ್ಲದಿದ್ದರೆ ತೋರಿಸಿಕೊಳ್ಳಿ ಎಂದು ಬರೆದುಕೊಟ್ಟಿದ್ದರು. ಇಸಾಕ ಅಷ್ಟನ್ನೂ ಓದಿದ. ಮುಂಡರಗಿಯ ಬಸ್ ಸ್ಟ್ಯಾಂಡಿನ ಮುಂದೆ ಗಾಡಿ ನಿಲ್ಲಿಸಿ ಬರೆದುಕೊಡದ ಮಾತೊಂದನ್ನೂ ಸೇರಿಸಿದ.

"ಇದು ದೆವ್ವ ಅಲ್ಲ, ಮಾಟ ಅಲ್ಲ. ಬಿ.ಪಿ., ಸಕ್ಕರಿ ಜಡ್ಡ ಇದ್ದಂಗ ಇದೂ ಒಂದ ಜಡ್ಡ. ಇದನ್ನ ಹೇಳಾಕತ್ತಾಂವಗೂ ಐತಿ. ಗುಳಿಗಿ ನುಂಗ್ತೀನಿ, ಗಾಡಿ ಹೊಡೀತೀನಿ, ನಿಮ್ಮ ಮುಂದ ನಿಂತೀನಿ."

ಆ ಶಿಬಿರಕ್ಕೆ ಬಂದ ಜನ ನೋಡಿ ಡಾಕ್ಟರರೇ ಬೆರಗಾದರು. ಕೋಣೆಯಲ್ಲಿ ಕೂಡಿಹಾಕಿದ್ದ ಮಗನನ್ನು ಕರೆತಂದವರಿದ್ದರು, ತಮ್ಮ ಜಡ್ಡಿಗೂ ಹೆಸರುಂಟೆಂದು ಕೇಳಿ ಒಬ್ಬರೇ ಬಂದವರಿದ್ದರು. ಇಸಾಕನ ಮಾತು ನಾಲ್ಕೂ ತಾಲ್ಲೂಕಿನ ತಲೆಗೆ ಚೆನ್ನಾಗಿ ಇಳಿದಿತ್ತು. ಫಜೀತಿ ಅಲ್ಲೇ ಶುರುವಾಯಿತು ನೋಡಿ. ಪಾಠ ಕಲಿತ ಜನ ಮೊದಲ ಪರೀಕ್ಷೆಯನ್ನು ಮಾಸ್ತರನ ಮೇಲೆಯೇ ಮಾಡಿದರು.

ರೋಶನಬಿಯ ಫೋನಿಗೆ ಬಿಡುವಿಲ್ಲದಂತಾಯಿತು. ಮುಂಡರಗಿಯ ಚಹಾದಂಗಡಿಯಿಂದ ಫೋನು, ಇಸಾಕಣ್ಣ ಪಕ್ಕದವರ ಚಹಾಕ್ಕೂ ತಾನೇ ದುಡ್ಡು ಕೊಟ್ಟನೆಂದು. ಬಿಂಕದಕಟ್ಟಿಯಿಂದ ಫೋನು, ಪ್ರಾಣಿ ಸಂಗ್ರಹಾಲಯದ ಹೊರಗೆ ಮಂಗನ ಕೂಡ ಮಾತಾಡುತ್ತ ನಿಂತಿದ್ದಾನೆಂದು. ಆ ಮಂಗ ಅವನ ಬುತ್ತಿ ಕಸಿದುಕೊಂಡಿತ್ತು, ಅಂಥ ಹೊತ್ತಿನಲ್ಲಿ ಯಾರಾದರೂ ನಾಲ್ಕು ಮಾತು ಆಡಿಯೇ ಆಡುತ್ತಾರೆ. ಹೊಂಬಳದ ಹಿರಿಯರೊಬ್ಬರು, ಮಳೆ ಬಂದಾಗ ನಿಮ್ಮವರು ಹಾಡಿದರು ತಂಗಿ, ಎರಡು ನುಡಿ ಹಾಡಿದರು, ನೋಡಿಕೋ ಎಂದು ಕಾಳಜಿಯಿಂದ ತಿಳಿಸಿದರು. ಎಲ್ಲರದ್ದೂ ಪ್ರೀತಿಯೇ. ಪ್ರೀತಿಗೂ ಒಂದು ಮಿತಿ ಬೇಕೆಂದು ಅವರಿಗೆ ಯಾವ ಶಿಬಿರವೂ ಹೇಳಿರಲಿಲ್ಲ.

ಬಿಸಿ ಹಾಲಿಗೆ ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರೆ. ರೋಶನಬಿ ಪ್ರತಿ ಫೋನಿಗೂ ಹೆದರಿದಳು. ಗಂಡ ಮನೆಗೆ ಬಂದ ಕೂಡಲೇ ಕಣ್ಣು ನೋಡುವಳು, ಗುಳಿಗೆಯ ಡಬ್ಬಿ ನೋಡುವಳು, ಹೊತ್ತಿಗೆ ಮೊದಲೇ ಹಾಸಿಗೆ ಹಾಸುವಳು. ಅವನು ಕೊಂಚ ಗಟ್ಟಿಯಾಗಿ ನಕ್ಕರೆ ಇವಳ ಕೈಯ ಸೂಜಿ ನಿಲ್ಲುತ್ತಿತ್ತು. ಇಸಾಕ ಬರಬರುತ್ತ ಹೆಗಲ ಮೇಲಿನ ವಸ್ತ್ರವನ್ನು ಬಾಯಿಗೆ ಒತ್ತಿಕೊಂಡು ನಗುವುದನ್ನು ರೂಢಿ ಮಾಡಿಕೊಂಡ. ಒಂದು ಮುಂಜಾನೆ ಚಹಾ ಕುಡಿಯುತ್ತ, ಸಿಟ್ಟಿಲ್ಲದೆ, ಹವೆಯ ಮಾತು ಹೇಳಿದಂತೆ ಹೇಳಿದ.

"ನಗೂ ಮೊದ್ಲ ನಿನ್ನ ಮಾರಿ ನೋಡ್ತೀನಿ ರೋಶನ್, ಪರವಾನಗಿ ಐತೋ ಇಲ್ಲೋ ಅಂತ."

ಅವಳು ಸೂಜಿ ಹಿಡಿದು ಕಟ್ಟೆಗೆ ಹೋಗಿ ಕೂತಳು. ಆ ದಿನ ಹಾಕಿದ ಹೊಲಿಗೆಯನ್ನೆಲ್ಲ ಸಂಜೆ ಬಿಚ್ಚಬೇಕಾಯಿತು.

ಅದೇ ಸುಮಾರಿಗೆ ಸೀಮಾ ಎಂಬ ಹುಡುಗಿ ಬಂದಳು. ಈ ಜಡ್ಡಿನ ಬಗ್ಗೆ ಸಂಶೋಧನೆ ಮಾಡುತ್ತಿದ್ದ ತಂಡದವಳು. ರೋಗ ಮರುಕಳಿಸುವುದು ಮನೆಯವರಿಗೆ ಹೇಗೆ ಮೊದಲು ಗೊತ್ತಾಗುತ್ತದೆ ಎನ್ನುವುದನ್ನು ಊರೂರು ತಿರುಗಿ ಕೇಳಿಕೊಳ್ಳುತ್ತಿದ್ದಳು. ಇಸಾಕನನ್ನೂ ಕೇಳಿದಳು, ಒಪ್ಪಿಗೆ ಪಡೆದು ರೋಶನಬಿಯ ಮುಂದೆಯೂ ಕೂತಳು. ಮಾತಿನ ವೇಗ, ನಿದ್ದೆ, ಖರ್ಚು, ಸಿಟ್ಟು, ರೋಶನಬಿ ಎಲ್ಲವನ್ನೂ ಗಿಣಿಯಂತೆ ಒಪ್ಪಿಸಿದಳು. ಹುಡುಗಿ ಸಮಾಧಾನದಿಂದ ಕೇಳಿಸಿಕೊಂಡು ಚಹಾದ ಲೋಟ ಕೆಳಗಿಟ್ಟಳು.

"ಅಕ್ಕಾ, ಜಡ್ಡ ಬಂದ್ರ ಹೆಂಗಿರ್ತಾರ ಅಂತ ಹೇಳಿದ್ರಿ. ಖುಷಿ ಆದ್ರ ಹೆಂಗಿರ್ತಾರ?"

ರೋಶನಬಿ ನೆನಪು ಕೆದಕಿದಳು. ಗಂಡನನ್ನು ಖುಷಿಯಲ್ಲಿ ನೋಡಿ ಎಷ್ಟು ಕಾಲವಾಯಿತೋ. ನೋಡಿದಾಗಲೆಲ್ಲ ಅವಳು ಜಡ್ಡನ್ನೇ ಹುಡುಕಿದ್ದಳು. ಅವಸರವಿಲ್ಲ ಅಕ್ಕಾ, ಮುಂದಿನ ಸಲ ಬಂದಾಗ ಹೇಳಿ ಎಂದು ಸೀಮಾ ಎದ್ದಳು, ಎರಡನ್ನೂ ಕಲಸಿಕೊಳ್ಳುವುದು ಬಹಳ ಮನೆಗಳಲ್ಲಿ ಆಗುತ್ತದೆ, ನೀವೊಬ್ಬರೇ ಅಲ್ಲ ಎಂದೂ ಹೇಳಿ ಹೋದಳು. ಪ್ರಶ್ನೆ ಮಾತ್ರ ರೋಶನಬಿಯ ಮನೆಯಲ್ಲೇ ಉಳಿಯಿತು.

ಇಷ್ಟರಲ್ಲಿ ಸಾಯಿಮಾ ಬಸುರಿಯಾದಳು. ಅವಳನ್ನು ಲಕ್ಷ್ಮೇಶ್ವರದ ಅಝೀಮನಿಗೆ ಕೊಟ್ಟಿದ್ದರು. ಹುಡುಗ ಒಳ್ಳೆಯವನು, ಮಾವನ ಜಡ್ಡು ಗೊತ್ತಿದ್ದೇ ಮದುವೆಯಾದವನು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗುವುದು ಎಲ್ಲ ಕಡೆಯ ಪದ್ಧತಿ. ಆದರೆ ಅಝೀಮನ ತಾಯಿ ಗುಲಾಬಬಿ, ಇಲ್ಲೇ ದವಾಖಾನೆ ಹತ್ತಿರವಿದೆ ಎಂದು ಸೊಸೆಯನ್ನು ಕಳಿಸಲಿಲ್ಲ. ಬೆಟಗೇರಿಯಲ್ಲಿ ದವಾಖಾನೆಗೇನು ಬರವೇ. ನಿಜವಾದ ಕಾರಣ ಬೀಗತಿಯರಿಬ್ಬರಿಗೂ ಗೊತ್ತಿತ್ತು, ಇಬ್ಬರೂ ಬಾಯಿ ಬಿಡಲಿಲ್ಲ. ಹೋಗಲಿ, ಬಾಣಂತನಕ್ಕಾದರೂ ಕಳಿಸಿಯಾರು ಎಂದು ರೋಶನಬಿ ಒಳಗೋಣೆಗೆ ಸುಣ್ಣ ಬಳಿಸಿದಳು, ಕೂಸಿಗೊಂದು ಸಣ್ಣ ಕೌದಿ ಹೊಲಿದಳು. ಇಸಾಕ ದಿನಾ ಒಮ್ಮೆ ಆ ಕೋಣೆಯ ಬಾಗಿಲಲ್ಲಿ ನಿಂತು ನೋಡಿ ಹೋಗುತ್ತಿದ್ದ.

ಹೆರಿಗೆಗೆ ಇನ್ನೂ ದಿನ ಇವೆ ಎನ್ನುವಾಗ ದೇವಪ್ಪ ಎದೆನೋವಿನಿಂದ ತೀರಿಕೊಂಡ. ಇಸಾಕನೇ ಊರಿಗೆ ಆ ಸುದ್ದಿ ಹೇಳಿದ. ಹೆಸರು, ಓಣಿ, ಹೊತ್ತು ಯಾವುದನ್ನೂ ತಪ್ಪಿಸದೆ ಹೇಳಿದ. ಹೆಣಕ್ಕೆ ಹೆಗಲು ಕೊಟ್ಟ. ಅಂದಿನಿಂದ ಬೆಳಿಗ್ಗೆ ಸಂಜೆ ಆ ತಿರುವು ದಾಟುವಾಗ ಆಟೋದ ಸದ್ದು ಬಿಟ್ಟು ಬೇರೇನೂ ಕೇಳುತ್ತಿರಲಿಲ್ಲ. ಗದಿಗೆವ್ವ ಕಟ್ಟೆಯ ಮೇಲೆ ಮೊಣಕಾಲು ಅಪ್ಪಿಕೊಂಡು ಕೂತಿರುತ್ತಿದ್ದಳು.

ಆ ವಾರವೇ ಶಿಬಿರದ ಪ್ರಚಾರಕ್ಕೆಂದು ಇಸಾಕ ಲಕ್ಷ್ಮೇಶ್ವರಕ್ಕೆ ಹೋಗಿದ್ದ. ಅಂದೇ ಸಾಯಿಮಾಗೆ ದಿನಕ್ಕೆ ಮೊದಲೇ ಬೇನೆ ಬಂತು. ಮಧ್ಯಾಹ್ನ ಅವನ ಫೋನು ಬಂತು, ಹೆಣ್ಣು ಕೂಸು, ತಾಯಿ ಮಗು ಆರಾಮ. ಬಸ್ಸು ಹತ್ತಬೇಡ, ಶಿರಹಟ್ಟಿಯಲ್ಲಿ ಕೂಗುವುದು ಬಾಕಿ ಇದೆ, ಮುಗಿಸಿ ಬಂದು ನಾನೇ ಕರೆದೊಯ್ಯುತ್ತೇನೆ ಎಂದ. ಅವನ ಮಾತು ಒಂದರ ಮೇಲೊಂದು ಬೀಳುತ್ತಿತ್ತು. ರೋಶನಬಿ ಅಲ್ಲಾಹನಿಗೆ ಶುಕರ್ ಹೇಳಿದಳು. ಫೋನು ಕೆಳಗಿಟ್ಟ ಮೇಲೆ ಕೂಸಿನ ಸಂತೋಷದ ಹಿಂದೆಯೇ ಹಳೆಯ ಹೆದರಿಕೆಯೂ ಒಳಗೆ ಬಂದು ಕೂತಿತು.

ಆಮೇಲೆ ಫೋನುಗಳ ಸುರಿಮಳೆ. ಲಕ್ಷ್ಮೇಶ್ವರದ ಪೇಟೆಯಿಂದೊಬ್ಬರು, ಇಸಾಕಣ್ಣ ದಾರಿಯಲ್ಲಿ ಹೋಗುವವರಿಗೆಲ್ಲ ಪೇಡೆ ಕೊಡುತ್ತಿದ್ದಾನೆ. ಶಿರಹಟ್ಟಿಯಿಂದೊಬ್ಬರು, ಶಿಬಿರದ ತಾರೀಖು ಹೇಳಿ ಅದರ ಬೆನ್ನಿಗೇ ಮೊಮ್ಮಗಳ ಸುದ್ದಿ ಕೂಗುತ್ತಿದ್ದಾನೆ, ಹಾಡುತ್ತಿದ್ದಾನೆ, ಅಳುತ್ತಲೂ ಇದ್ದಾನೆ. ಕೊನೆಗೆ ಗುಲಾಬಬಿಯದೇ ಬಂತು.

"ನಿಮ್ಮವರು ದವಾಖಾನ್ಯಾಗ ನರ್ಸಮ್ಮಗೋಳ ಕೈಕಾಲ ಹಿಡದ್ರು, ಕುಣಕೋತ ಹ್ವಾದ್ರು. ಈಗ ಊರೂರ ಕೂಗಕೋತ ಹೊಂಟಾರಂತ. ಹಿಂಗಾದ್ರ ಬಾಣಂತಿನ್ನ, ಕೂಸಿನ್ನ ಅಲ್ಲಿಗೆ ಹೆಂಗ ಕಳಸೂದ್ರಿ? ನೀವ ಹೇಳ್ರಿ."

ಅವರು ಬರಲಿ, ನೋಡಿ ಹೇಳುತ್ತೇನೆ ಎಂದು ರೋಶನಬಿ ಹೇಗೋ ಉತ್ತರ ಕೊಟ್ಟಳು. ಏರುವ ಲಕ್ಷಣ ಕಂಡರೆ ಕೊಡಿ ಎಂದು ಡಾಕ್ಟರು ಬೇರೆ ಗುಳಿಗೆ ಕೊಟ್ಟಿದ್ದರು. ಅದನ್ನು ತೆಗೆದು ಮುಷ್ಟಿಯಲ್ಲಿ ಹಿಡಿದುಕೊಂಡಳು. ಕೊಟ್ಟರೆ ಅವನು ಎದುರಾಡದೆ ನುಂಗುತ್ತಾನೆ, ನುಂಗಿ ಮಲಗುತ್ತಾನೆ, ಮೊಮ್ಮಗಳು ಹುಟ್ಟಿದ ದಿನ ಅವನ ಪಾಲಿಗೆ ಅಲ್ಲಿಗೇ ಮುಗಿಯುತ್ತದೆ. ಕೊಡದೆ ಬಿಟ್ಟು, ಜಡ್ಡು ಖರೆಯೇ ಆಗಿದ್ದರೆ ಆ ಸುಣ್ಣ ಬಳಿದ ಕೋಣೆ ಖಾಲಿಯೇ ಉಳಿಯುತ್ತದೆ. ಅತ್ತ ದರಿ, ಇತ್ತ ಪುಲಿ. ಮನೆಯಲ್ಲಿ ಕೂರಲಾರದೆ ಅವಳು ನಡೆದು ತಿರುವಿಗೆ ಬಂದು ಗದಿಗೆವ್ವನ ಪಕ್ಕ ಕಟ್ಟೆಯ ಮೇಲೆ ಕೂತಳು. ಏನಾಯಿತೆಂದು ಗದಿಗೆವ್ವ ಕೇಳಲಿಲ್ಲ. ಆ ದಿನ ಬೆಟಗೇರಿಯಲ್ಲಿ ಗೊತ್ತಿಲ್ಲದವರೇ ಇರಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ದೂರದಲ್ಲಿ ಮೈಕು ಕೇಳಿತು. ಇಷ್ಟು ಗಟ್ಟಿಯಾಗಿ ಅವನು ಕೂಗಿ ವರ್ಷಗಳಾಗಿದ್ದವು.

"ಬೆಟಗೇರಿ ಮಹಾಜನರೇ, ನಮ್ಮ ಸಾಯಿಮಾಗ ಹೆಣ್ಣ ಕೂಸ ಹುಟ್ಟೈತಿ. ನಿಮ್ಮ ಇಸಾಕ ಅಜ್ಜ ಆಗ್ಯಾನ."

ಹೇಳಿದ್ದನ್ನೇ ಹೇಳುತ್ತ, ನಡುನಡುವೆ ಒಂದು ಜೋಗುಳದ ಸಾಲು ಎಳೆಯುತ್ತ, ಸದ್ದು ಓಣಿಯ ಬಾಯಿಗೆ ಬಂತು. ಕರೆವ್ವ ಹೋದ ದಿನವೂ ಸದ್ದು ಹೀಗೆಯೇ ಬಂದಿತ್ತು, ಇದೇ ಓಣಿ, ಇದೇ ಅಂಗಳ. ರೋಶನಬಿ ಕಟ್ಟೆಯಿಂದ ಏಳಲು ಹೋದಳು. ಗದಿಗೆವ್ವ ಅವಳ ಮೊಣಕೈ ಹಿಡಿದುಕೊಂಡಳು. ಆಟೋ ತಿರುಗಿತು. ಭೋಂಗಾದಲ್ಲಿ ಜೋಗುಳ ಹೊಸ ಸಾಲು ಹಿಡಿದಿತ್ತು.

ದೇವಪ್ಪನ ಮನೆಗೆ ಒಂದು ಮನೆ ಮೊದಲು ಮೈಕು ಬಂದ್ ಆಯಿತು.

ಸಾಲು ಅರ್ಧಕ್ಕೇ ನಿಂತಿತ್ತು. ಇಸಾಕ ವೇಗ ಇಳಿಸಿ, ಕಟ್ಟೆಯ ಕಡೆ ತಲೆ ಬಾಗಿಸಿ, ಸುಮ್ಮನೆ ಹಾದುಹೋದ. ಕೆನ್ನೆ ಒದ್ದೆಯಿತ್ತು, ತುಟಿ ಒಂದರ ಮೇಲೊಂದು ಬಿಗಿದಿದ್ದವು. ಒಂದು ಮನೆ ದಾಟಿದ ಮೇಲೆ ಗಾಡಿ ನಿಲ್ಲಿಸಿದ. ರೋಶನಬಿ ಎದ್ದು ನಿಂತಳು, ಗದಿಗೆವ್ವನ ಕಡೆ ನೋಡಿದಳು. ಹೋಗು ಎಂಬಂತೆ ಗದಿಗೆವ್ವ ತಲೆಯಾಡಿಸಿದಳು. ಜಡ್ಡು ಬಂದ ಇಸಾಕನಿಗೆ ಎದುರಿನವರ ದುಃಖ ಕಾಣುವುದಿಲ್ಲ. ಈ ಮನುಷ್ಯ ತನ್ನ ಸಂತೋಷವನ್ನು ಓಣಿಯ ತುಂಬ ತಂದು, ಸೂತಕದ ಬಾಗಿಲ ಮುಂದೆ ಬಾಯಿ ಮುಚ್ಚಿಕೊಂಡು ದಾಟಿದ್ದ. ಖುಷಿಯಾದರೆ ಹೇಗಿರುತ್ತಾರೆ ಎಂದು ಆ ಹುಡುಗಿ ಕೇಳಿದ್ದಳಲ್ಲ, ಹೀಗಿರುತ್ತಾರೆ.

ಅವಳು ಆಟೋದ ಹತ್ತಿರ ಹೋದಳು. ಇಸಾಕ ಅವಳನ್ನು ನೋಡಿ ನಗಲು ಹೋದವನು, ಮುಷ್ಟಿಯಲ್ಲಿದ್ದ ಗುಳಿಗೆಯ ಪಟ್ಟಿ ಕಂಡು ನಗು ತಡೆದ. ಹೆಗಲ ಮೇಲಿನ ವಸ್ತ್ರ ಬಾಯಿಗೆ ಹೋಯಿತು. ಕೊಡು, ನುಂಗುತ್ತೇನೆ ಎಂದು ಕೈ ಚಾಚಿದ. ರೋಶನಬಿ ಪಟ್ಟಿಯನ್ನು ಸೊಂಟದ ಚೀಲಕ್ಕೆ ತುರುಕಿ, ಅವನ ಕೈಯಿಂದ ವಸ್ತ್ರ ಕಸಿದುಕೊಂಡಳು.

"ನಗ್ರಿ ಸಾಯಿಮಾನ ಅಬ್ಬಾ" ಎಂದಳು. "ನನ್ನ ಮಾರಿ ನೋಡಬ್ಯಾಡ್ರಿ. ನಗ್ರಿ."

ಅವನು ನಕ್ಕ, ನಗುತ್ತ ಅತ್ತ, ದೇವಪ್ಪಣ್ಣ ಇರಬೇಕಾಗಿತ್ತು ಎಂದ. ಹೌದು ಎಂದಳು ಅವಳು. ರಾತ್ರಿ ಎಂದಿನ ಹೊತ್ತಿಗೆ ಎಂದಿನ ಗುಳಿಗೆ ನುಂಗಿ ಮಲಗಲೇಬೇಕು, ಬೀಗರ ಮನೆಯಾದರೂ ಸರಿ, ಕೂಸು ಅತ್ತರೂ ಸರಿ ಎಂದು ಅಲ್ಲೇ ಮಾತು ತೆಗೆದುಕೊಂಡಳು. ಹೆಂಡತಿ ಬದಲಾಗಿರಬಹುದು, ಡಾಕ್ಟರು ಬದಲಾಗಿಲ್ಲ ಎಂದು ಇಸಾಕ ಒಪ್ಪಿಕೊಂಡ.

ರೋಶನಬಿ ಮನೆಗೆ ಹೋಗಿ ಬಾಗಿಲಿಗೆ ಕೀಲಿ ಹಾಕಿ ಬಂದು ಆಟೋದಲ್ಲಿ ಕೂತಳು. ಗುಲಾಬಬಿಯ ಫೋನು ಮತ್ತೆ ಬಂತು. ಹೇಗಿದ್ದಾರೆ, ಏನಾಗಿದೆ ಅವರಿಗೆ ಎಂದು ಬೀಗತಿ ಕೇಳಿದಳು.

"ಏನೂ ಆಗಿಲ್ರಿ ಅವರಿಗೆ" ಎಂದಳು ರೋಶನಬಿ. "ಅಜ್ಜ ಆಗ್ಯಾರ, ಅಷ್ಟ."

ಗುಲಾಬಬಿ, ಹಾಗಾದರೆ ಬರುವಾಗ ಕೂಸಿನ ಕೌದಿ ಮರೆಯಬೇಡಿ, ಇಲ್ಲಿಂದ ಬೆಟಗೇರಿಗೆ ಕರೆದೊಯ್ಯುವಾಗ ದಾರಿಯಲ್ಲಿ ಗಾಳಿ ಬಹಳ ಎಂದಳು.

ಕೌದಿ ಆಗಲೇ ರೋಶನಬಿಯ ತೊಡೆಯ ಮೇಲಿತ್ತು. ಇಸಾಕ ಗಾಡಿ ತಿರುಗಿಸಿ, ಗದಿಗೆವ್ವನ ಮನೆಯ ಮುಂದೆ ಸದ್ದಿಲ್ಲದೆ ದಾಟಿ, ಒಂದು ಮನೆ ಆಚೆ ಹೋದ ಮೇಲೆ ಮೈಕು ಹಚ್ಚಿದ.